ಪದಚರ್ಚೆ: ‘ದೇವರು ನಂಬಿಗಸ್ತನು’ ಅಂದರೆ ನಂಬುವವನೋ, ನಂಬತಕ್ಕವನೋ?

ಪ್ರಶ್ನೆ (ಹುಬ್ಬಳ್ಳಿಯಿಂದ):
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ‘ಭಾಳ ನಂಬಿಗಸ್ತ ಮನಷ್ಯಾ ಅದಾನ’ ಅಂದರೆ ಗಲ್ಲಾ ಬಿಟ್ಟು ಹೋದರೂ ಕೈ ಹಚ್ಚದ ಆಳು. ಸತ್ಯವೇದದ (ಬೈಬಲಿನ) 1 ಕೊರಿಂಥ 10:13ರಲ್ಲಿ ‘ದೇವರು ನಂಬಿಗಸ್ತನು’ ಎಂದಿದೆ. ಆಳಿಗೆ ಆಡುವ ಮಾತು ದೇವರಿಗೆ ಹೇಗೆ ಒಪ್ಪುತ್ತದೆ? ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಕರಪತ್ರದಲ್ಲಿ ‘ನಂಬಿಗಸ್ತರೆಲ್ಲರೂ ಬನ್ನಿರಿ’ ಅಂತಲೂ ಬರೆಯುತ್ತಾರೆ. ಇದು ಸರಿಯೇ?

ಉತ್ತರ (ಧಾರವಾಡದಿಂದ):
ಸರ್, ಒಪ್ಪುತ್ತದೆ, ಕೆಟ್ಟಿರುವುದು ಕರಪತ್ರದ ಕನ್ನಡ. ನಂಬಿಗಸ್ತನೆಂದರೆ ಕೊಟ್ಟ ಮಾತಿಗೆ ತಪ್ಪದವನು, ನಂಬತಕ್ಕವನು. ಕರೆಯಬೇಕಾದದ್ದು ನಂಬುವವರನ್ನು, ಅಂದರೆ ವಿಶ್ವಾಸಿಗಳನ್ನು. ಇಂಗ್ಲಿಷಿನ ‘ಫೇತ್‌ಫುಲ್’ ಎರಡೂ ಅರ್ಥ ಹೊರುವುದರಿಂದ ಅನುವಾದಿಸುವವರು ಅಲ್ಲಿ ಜಾರುತ್ತಾರೆ.

ಈ ವಚನದ ಮೂಲಭಾಷೆಯಾದ ಗ್ರೀಕಿನಲ್ಲಿರುವ ‘ಪಿಸ್ತೊಸ್’ ಕೂಡ ಹಾಗೇ ಎರಡು ಕಡೆಗೆ ವಾಲುವ ಪದ. ಕೊರಿಂಥದ ಈ ವಚನದಲ್ಲಿ ಅದು ದೇವರಿಗೆ ಸಂದಿದೆ, ಅರ್ಥ ನಂಬತಕ್ಕವನು. ಯೋಹಾನ 20:27ರಲ್ಲಿ ಯೇಸು ಸಂದೇಹಪಟ್ಟ ಶಿಷ್ಯ ತೋಮನಿಗೆ ಹೇಳುವಾಗ ಅದೇ ಪದದ ಅರ್ಥ ನಂಬುವವನು. ಕನ್ನಡ ಎರಡನ್ನೂ ಬೇರೆಬೇರೆ ಪದಗಳಲ್ಲಿ ಬಿಡಿಸಿಕೊಂಡಿದೆ, ಆ ಅನುಕೂಲವನ್ನು ನಾವೇ ಕೆಡಿಸಬಾರದು. ಅನುಮಾನ ಬಂದಲ್ಲಿ ‘ನಂಬತಕ್ಕವನು’ ಎಂದು ಇಟ್ಟು ಓದಿ. 2 ತಿಮೊಥೆ 2:13 ಹಾಗೆ ಓದಿದರೆ ತಿಳಿಯಾಗುತ್ತದೆ: ನಾವು ಮಾತು ತಪ್ಪಿದರೂ ಆತನು ತಪ್ಪನು. ದೇವರ ಮೇಲೆ ಭಾರ ಹಾಕುವುದಕ್ಕೆ ಆಧಾರ ನಮ್ಮ ನಂಬಿಕೆಯ ಗಟ್ಟಿತನವಲ್ಲ, ಆತನ ಗುಣ ಎಂಬುದು ಅಲ್ಲಿನ ವಾದ. ನಂಬಿಗಸ್ತನನ್ನು ‘ನಂಬುವವನು’ ಎಂದು ಓದಿಬಿಟ್ಟರೆ ಆ ವಾದವೇ ಬಿದ್ದುಹೋಗುತ್ತದೆ.

ಗಲಾತ್ಯ 5:22ರಲ್ಲಿ ಮಾತ್ರ ನನ್ನ ತಕರಾರಿದೆ. ಆತ್ಮನ ಫಲಗಳ (ಪವಿತ್ರಾತ್ಮನಿಂದ ಬರುವ ಗುಣಗಳ) ಸಾಲಿನಲ್ಲಿ ಹಳೆಯ ಅನುವಾದ ‘ನಂಬಿಕೆ’ ಎಂದಿಟ್ಟಿದೆ. ಅಕ್ಕಪಕ್ಕ ಇರುವುದು ದಯೆ, ಉಪಕಾರ, ಸಾಧುತ್ವ. ಎಲ್ಲವೂ ಮಂದಿಯೊಡನೆ ನಡೆದುಕೊಳ್ಳುವ ರೀತಿ. ಅಲ್ಲಿ ‘ನಂಬಿಗಸ್ತಿಕೆ’ಯೇ ಹೊಂದುತ್ತದೆ. ಆಡುಮಾತಿನಲ್ಲಿ ನಿಯತ್ತು.

ಇನ್ನು ಆಳಿನ ಮಾತು. ಹುಬ್ಬಳ್ಳಿ ಪ್ಯಾಟ್ಯಾಗ ನಂಬಿಗಸ್ತ ಆಳಿಗೆ ‘ಇಮಾನದಾರ’ ಅಂತಾರಲ್ಲ, ಅದರೊಳಗಿನ ಅರಬ್ಬಿಯ ‘ಈಮಾನ್’ ಅಂದರೆ ಮೂಲತಃ ದೇವರ ಮೇಲಿನ ವಿಶ್ವಾಸ. ಪ್ರಾರ್ಥನೆಯ ಕೊನೆಗೆ ಬರುವ ಹೀಬ್ರೂ ‘ಆಮೆನ್’ ಕೂಡ ಅದೇ ಧಾತುವಿನ ಬಳಗ. ಗಲ್ಲಾಪೆಟ್ಟಿಗೆಗೂ ಪ್ರಾರ್ಥನೆಗೂ ನಂಟು ಹಳೆಯದು!

ಮರುಸೇರ್ಪಡೆ (ಗದಗದಿಂದ):
ಅಣ್ಣಾವ್ರ ಮಾತಿಗೆ ಒಂದು ಸೇರಿಸುವೆ. ‘ಭರವಸೆ’ಗೂ ಎರಡು ದಿಕ್ಕು ಇವೆ, ಆದರೆ ಕ್ರಿಯಾಪದ ಕಾಯುತ್ತದೆ. ದೇವರು ಭರವಸೆ ಕೊಡುತ್ತಾನೆ, ನಾವು ಭರವಸೆ ಇಡುತ್ತೇವೆ. ಜ್ಞಾನೋಕ್ತಿ 3:5ರಲ್ಲಿ ಇರುವುದು ಇಡುವ ಭರವಸೆ. ವಿಭಕ್ತಿಯನ್ನೂ ನೋಡಿಕೊಳ್ಳಿ: ‘ದೇವರನ್ನು ನಂಬು’, ಆದರೆ ‘ದೇವರಲ್ಲಿ ಭರವಸೆಯಿಡು’. ‘ದೇವರಲ್ಲಿ ನಂಬು’ ಎಂದು ಬರೆದರೆ ಅದು ಇಂಗ್ಲಿಷಿನ ಎಳೆತ.