ಅಪ್‌ಡೇಟ್: ಆಂಟಿಟಾಕ್ಸಿನ್ ಪಡೆದ ನಮ್ಮ ಗೌರಿ ಈಗ ಹೇಗಿದ್ದಾಳೆ

ಟೆಕ್ಸಾಸ್‌ನಲ್ಲಿರುವ ನಮ್ಮ ಹೆಣ್ಣುಕುದುರೆ ಗೌರಿಯ ಕಾಲನ್ನು ತಂತಿಬೇಲಿ ಸೀಳಿದಾಗ ಧನುರ್ವಾಯುವಿನ ಆಂಟಿಟಾಕ್ಸಿನ್ (ಆ ರೋಗದ ವಿಷವನ್ನು ತಡೆಯುವ ಮದ್ದು) ಕೊಡಿಸಿದ್ದೆವು. ಬೇರೆ ಕುದುರೆಗಳ ರಕ್ತದಿಂದ ತಯಾರಾಗುವ ಈ ಮದ್ದಿನಿಂದ ಯಕೃತ್ತಿಗೆ ಅಪಾಯವಿದೆಯೇ ಎಂದು ಆಗ ಕೇಳಿದ್ದೆ. ನಾಲ್ಕರಿಂದ ಹತ್ತು ವಾರ ಕಣ್ಣಿಟ್ಟಿರಿ ಎಂದವರಿಗೆ ಕೈಮುಗಿಯುತ್ತೇನೆ.

ಏಳನೆಯ ವಾರ ಅವಳು ಮೇವು ಬಿಟ್ಟಳು. ತುಟಿ ಎತ್ತಿ ನೋಡಿದರೆ ವಸಡಿಗೆ ಅರಿಸಿನ ಬಳಿದಂತಿತ್ತು. ಮೂತ್ರ ಹಾಲಿಲ್ಲದ ಚಹಾದ ಬಣ್ಣ. ವೈದ್ಯರು ಆ ಸಂಜೆಯೇ ರಕ್ತ ತೆಗೆದರು. ಯಕೃತ್ತಿನ ತೊಂದರೆ ತೋರಿಸುವ ಜಿಜಿಟಿ, ಬಿಲಿರುಬಿನ್ ಎರಡೂ ಏರಿದ್ದವು. ಪಿಸಿಆರ್ ಪರೀಕ್ಷೆಯಲ್ಲಿ ಕುದುರೆಗಳ ಪಾರ್ವೊವೈರಸ್ ಪತ್ತೆಯಾಯಿತು. ಯಕೃತ್ತನ್ನು ಕೆಡಿಸುವ ಥೈಲರ್ ಕಾಯಿಲೆ ಎಂದರು.

ಪಶುವೈದ್ಯ ಅರ್ನಾಲ್ಡ್ ಥೈಲರ್ ದಕ್ಷಿಣ ಆಫ್ರಿಕಾದಲ್ಲಿ ನೂರು ವರ್ಷಗಳ ಹಿಂದೆಯೇ ಇದನ್ನು ವಿವರಿಸಿದ್ದರು. ಈ ವೈರಸ್‌ನ ವರದಿ ಬಂದದ್ದು ಮಾತ್ರ 2018ರಲ್ಲಿ. ಅದು ಸಿಕ್ಕಿದ್ದು ಆಂಟಿಟಾಕ್ಸಿನ್ ಪಡೆದ 65 ದಿನಗಳಿಗೆ ಸತ್ತ ನೆಬ್ರಾಸ್ಕಾದ ಕುದುರೆಯೊಂದರಲ್ಲಿ. ಆ ಸಂಖ್ಯೆ ಓದಿದ ರಾತ್ರಿ ನಾನು ಲಾಯದಲ್ಲೇ ಮಲಗಿದೆ. ಯಕೃತ್ತು ಸೋತು ವಿಷ ಮಿದುಳಿಗೇರಿದ ಕುದುರೆ ಗೋಡೆಗೆ ಹಣೆಯೊತ್ತಿ ನಿಲ್ಲುತ್ತದೆಯಂತೆ. ಗೌರಿ ಹಾಗೆ ನಿಲ್ಲಲಿಲ್ಲ.

ಸೋಂಕು ತಗುಲಿದ ಹೆಚ್ಚಿನ ಕುದುರೆಗಳಿಗೆ ಕಾಯಿಲೆಯೇ ಬರುವುದಿಲ್ಲ, ಆದ್ದರಿಂದ ಯಾರೂ ಹೆದರಿ ಅಗತ್ಯವಿರುವ ಪ್ಲಾಸ್ಮಾ (ಬೇರೆ ಕುದುರೆಗಳ ರಕ್ತದ ದ್ರವಭಾಗ) ನಿಲ್ಲಿಸಬೇಡಿ. ಧನುರ್ವಾಯುವಿನ ಲಸಿಕೆಯನ್ನು ಮಾತ್ರ ವರ್ಷವರ್ಷವೂ ತಪ್ಪಿಸಬೇಡಿ. ನಾವು ತಪ್ಪಿಸಿದ್ದರಿಂದಲೇ ಆಂಟಿಟಾಕ್ಸಿನ್ ಬೇಕಾಯಿತು.

ಡ್ರಿಪ್ ತೆಗೆದು ಒಂಬತ್ತು ದಿನಗಳಾದವು. ಬಿಸಿಲು ತಾಗದಂತೆ ನೆರಳಲ್ಲೇ ಕಟ್ಟಿದ್ದೇವೆ. ಇಂದು ಬೆಳಗ್ಗೆ ನನ್ನ ಕಂಕುಳಲ್ಲಿದ್ದ ಹುಲ್ಲನ್ನು ತಾನೇ ಎಳೆದುಕೊಂಡಳು.