ಪದಚರ್ಚೆ: ಕ್ಯಾಶ್ ಅಂದರೆ ಹಗೇವೋ ಗೂಡೋ? ಜೊತೆಗೆ ತಂಗಳಿನ ವಿಚಾರ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಒಂದು ಪದ ಕೇಳೋಣ ಅಂತ ಕೂತೆ, ಬರೆಯುತ್ತಾ ನಾಲ್ಕೈದಾದವು.

ಮನೆಯಲ್ಲಿ ಮೂರು ಕಂಪ್ಯೂಟರ್ ಇವೆ, ಮೂರರಲ್ಲೂ ವಿಂಡೋಸ್ ಬದಲು ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮ್. ಒಂದೇ ಅಪ್‌ಡೇಟನ್ನು ಮೂರೂ ಬೇರೆ ಬೇರೆಯಾಗಿ ಇಳಿಸಿಕೊಳ್ಳುತ್ತಾ ಕೂರುತ್ತವೆ, ಅಷ್ಟು ಹೊತ್ತು ಮನೆಯವರ ಮೊಬೈಲುಗಳೆಲ್ಲ ತೆವಳುತ್ತವೆ. ಅಟ್ಟದ ಮೇಲಿದ್ದ ಹಳೇ ಡೆಸ್ಕ್‌ಟಾಪ್ ಕೆಳಗಿಳಿಸಿ, ಧೂಳು ಹೊಡೆದು, ಅದರಲ್ಲಿ ಸ್ಕ್ವಿಡ್ ಹಾಕಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದೊಂದು ಪ್ರಾಕ್ಸಿ. ಮನೆಯವರು ಕೇಳಿದ ಪುಟ, ಫೈಲುಗಳನ್ನು ಅದೇ ಹೊರಗೆ ಹೋಗಿ ತರುತ್ತದೆ, ತಂದದ್ದರ ಒಂದು ಪ್ರತಿ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ, ಇನ್ನೊಬ್ಬರು ಅದನ್ನೇ ಕೇಳಿದರೆ ಇಲ್ಲಿಂದಲೇ ಕೊಡುತ್ತದೆ. ಹಾಗೆ ಇಟ್ಟುಕೊಳ್ಳುವ ಜಾಗಕ್ಕೆ ಕ್ಯಾಶ್ ಅನ್ನುತ್ತಾರೆ. ತಕರಾರು ಶುರುವಾಗಿದ್ದೇ ಅಲ್ಲಿ.

ಮಕ್ಕಳು ಏನಾದರೂ ಒತ್ತಿ ಅಳಿಸಿಬಿಟ್ಟಾರು ಅಂತ ಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸಿದ್ದೆ: "ಕ್ಯಾಶ್ ಖಾಲಿ ಮಾಡಬೇಡಿ." ಚಿತ್ರದುರ್ಗದ ಕಡೆಯ ಹಳ್ಳಿಯಿಂದ ದೊಡ್ಡಪ್ಪ ಬಂದಿದ್ದರು. ಕನ್ನಡಕ ಏರಿಸಿ ಓದಿದರು. ನನ್ನ ಕಡೆ ತಿರುಗಿ, "ಏನಲೇ, ಇದ್ರಾಗೆ ದುಡ್ಡು ಇಟ್ಟೀಯೇನು?" ಅಂದರು.

ತಪ್ಪು ಅವರದಲ್ಲ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಉಚ್ಚಾರ ಒಂದೇ. ಕನ್ನಡಕ್ಕೆ ಬಂದಾಗ ಅಕ್ಷರವೂ ಒಂದೇ ಆಗಿಬಿಡುತ್ತೆ. ಅದನ್ನು ತಪ್ಪಿಸೋಕೆ ಕೆಲವರು ಕ್ಯಾಶೆ ಅಂತಾರೆ, ಕೆಲವರು ಕ್ಯಾಚೆ ಅಂತಾರೆ, ಅದು ಇನ್ನೊಂದು ಗೋಳು. 'ಸಂಗ್ರಹ' ಅಂತ ಬರೆದವರೂ ಇದ್ದಾರೆ. ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟದ್ದೂ ಸಂಗ್ರಹ, ಕ್ಯಾಶ್‌ನಲ್ಲಿ ಇಟ್ಟದ್ದೂ ಸಂಗ್ರಹ ಅಂದರೆ ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಿದರೆ ಕೆಟ್ಟೆವು ಅನ್ನೋದು ಓದುವವರಿಗೆ ತಿಳಿಯೋದು ಹೇಗೆ?

ಪದದ ಮೂಲ ಹುಡುಕಿದೆ. ಬಚ್ಚಿಡು ಅನ್ನುವ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಉತ್ತರ ಅಮೆರಿಕದಲ್ಲಿ ತುಪ್ಪಳಕ್ಕಾಗಿ ಕಾಡು ಅಲೆಯುತ್ತಿದ್ದ ಬೇಟೆಗಾರರು ದವಸ, ಸಾಮಾನು ಬಚ್ಚಿಡೋಕೆ ನೆಲದಲ್ಲಿ ತೋಡುತ್ತಿದ್ದ ಗುಂಡಿಗೆ ಈ ಹೆಸರಿತ್ತು. ಇದನ್ನು ಹೇಳುತ್ತಿದ್ದ ಹಾಗೇ ದೊಡ್ಡಪ್ಪ, "ಹಗೇವು ಅನ್ನು ಮತ್ತೆ" ಅಂದರು. ಆಹಾ, ಅನಿಸಿತು. ಕಂಡಿಲ್ಲದವರಿಗೆ: ಹಗೇವು ಅಂದರೆ ಜೋಳ, ರಾಗಿ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಒಳಗೆ ಅಗಲ. ಬದಿಗೆಲ್ಲ ಹುಲ್ಲು ಹೊದಿಸಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ತೆಗೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ, ಬಾಯಿ ತೆರೆದಿಟ್ಟು ಕಾಯಬೇಕು. ಅಂಚಿನ ಕಾಳು ಮುಗ್ಗಿರುತ್ತದೆ, ಆ ಮುಗ್ಗಲು ವಾಸನೆ ರೊಟ್ಟಿಗೂ ಬರೋದು ಅಂತ ದೊಡ್ಡಪ್ಪ ಮುಖ ಕಿವಿಚಿ ಹೇಳಿದರು.

ಎರಡು ದಿನ ಹಗೇವು ಅಂತಲೇ ಓಡಾಡಿದೆ. ಆಮೇಲೆ ಹಿಡಿಸಲಿಲ್ಲ. ಹಗೇವು ವರ್ಷಗಟ್ಟಲೆ ಮುಚ್ಚಿಡುವಂಥದ್ದು, ತೆಗೆಯೋದೇ ಒಂದು ದೊಡ್ಡ ಕೆಲಸ. ಕ್ಯಾಶ್ ಇರೋದೇ ಬೇಗ ಕೈಗೆ ಸಿಗಲಿ ಅಂತ. ಕಂಪ್ಯೂಟರಿನವರು ಈ ಪದ ಹಿಡಿದದ್ದೂ ಆ ಅರ್ಥದಲ್ಲೇ. 1965ರಲ್ಲಿ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ ಬರೆದಾಗ ಅದನ್ನು ಗುಲಾಮ ಮೆಮೊರಿ ಅಂತ ಕರೆದಿದ್ದರು. 1968ರಲ್ಲಿ ಐಬಿಎಂನವರು ತಮ್ಮ ಸಿಸ್ಟಮ್ 360 ಕಂಪ್ಯೂಟರಿನ ಮಾಡೆಲ್ 85ರ ಬಗ್ಗೆ ಬರೆಯುವಾಗ ಕ್ಯಾಶ್ ಅಂದರು, ಅದೇ ನಿಂತಿತು. ಎರಡರಲ್ಲೂ ಮಾತು ಒಂದೇ: ದೊಡ್ಡ ಮೆಮೊರಿ ದೂರ, ನಿಧಾನ. ಇದು ಚಿಕ್ಕದು, ಹತ್ತಿರ, ಚುರುಕು.

ಹಾಗಾದರೆ ಗೂಡು ಯಾಕಾಗಬಾರದು? ಹಳೇ ಮನೆಗಳ ಗೋಡೆಯಲ್ಲಿ ಇರುತ್ತಲ್ಲ, ಅಡುಗೆ ಮಾಡುವವರ ಕೈಗೆ ಎಟುಕುವ ಹಾಗೆ, ಉಪ್ಪಿನ ಡಬ್ಬಿ, ಬೆಂಕಿಪೆಟ್ಟಿಗೆ, ಸಾಸಿವೆ ಇಡೋ ಗೂಡು. ಜಾಗ ಕಮ್ಮಿ. ಹೊಸದು ಇಡಬೇಕಾದರೆ ಬಹಳ ದಿನದಿಂದ ಯಾರೂ ಮುಟ್ಟದ ಡಬ್ಬಿಯನ್ನು ಎತ್ತಿಡಬೇಕು, ಸ್ಕ್ವಿಡ್ ಮಾಡೋದೂ ಅದನ್ನೇ. ಗೂಡಿನ ಬಾಯಿಗಿಂತ ದೊಡ್ಡ ಪಾತ್ರೆ ಅದರೊಳಗೆ ಹೋಗಲ್ಲ. ಇದಂತೂ ನನಗೆ ಅನುಭವದಿಂದ ಗೊತ್ತು: ಸ್ಕ್ವಿಡ್ ತಾನಾಗಿ 4 ಎಂಬಿ ಮೀರಿದ ಫೈಲನ್ನು ಇಟ್ಟುಕೊಳ್ಳುವುದೇ ಇಲ್ಲ, ಆ ಮಿತಿ ನಾವೇ ಏರಿಸಬೇಕು. ಒಂದು ವಾರ ದೊಡ್ಡ ದೊಡ್ಡ ಅಪ್‌ಡೇಟುಗಳೆಲ್ಲ ಮೂರ್ಮೂರು ಸಲ ಇಳಿದ ಮೇಲೆ ನನಗೆ ಹೊಳೆಯಿತು. ಗೂಡು ಅಂದರೆ ಹಕ್ಕಿಗೂಡು, ರೇಷ್ಮೆಗೂಡು ನೆನಪಾಗುತ್ತೆ ಅನ್ನಬಹುದು. ಆಗಲಿ, ದುಡ್ಡು ನೆನಪಾಗೋದಕ್ಕಿಂತ ವಾಸಿ.

ಆದರೆ ನಾನು ನಿಜವಾಗಿ ಕೇಳಬೇಕು ಅಂತಿದ್ದದ್ದು ಈ ಹೆಸರಿನ ವಿಚಾರ ಅಲ್ಲ. ಒಳಗಿಟ್ಟ ವಸ್ತುವಿನ ಸ್ಥಿತಿ ಹೇಳುವ ಪದಗಳ ವಿಚಾರ. ವೆಬ್ ಕ್ಯಾಶ್‌ನ ನಿಯಮ ಹೇಳುವ ಕಡತ ಒಂದಿದೆ, ಆರ್‌ಎಫ್‌ಸಿ 9111, 2022ರದು. ಅದರ ಪ್ರಕಾರ ಇಟ್ಟ ಪ್ರತಿ ಫ್ರೆಶ್ ಇರುತ್ತೆ, ಇಲ್ಲಾ ಸ್ಟೇಲ್ ಆಗಿರುತ್ತೆ. ಸ್ಟೇಲ್ ಅನ್ನೋದಕ್ಕೆ ಮೊದಲು ಸುಮ್ನೆ 'ಹಳಸಿದ್ದು' ಅಂತ ಬರೆದುಕೊಂಡಿದ್ದೆ. ಓದಿದ ನಮ್ಮಮ್ಮ ಹೇಳಿದರು, ಹಳಸಿದ್ದಾದರೆ ಚೆಲ್ಲು, ಯಾಕೆ ಇಟ್ಟಿದ್ದೀಯ ಅಂತ. ಸರಿಯಾದ ಮಾತು! ಸ್ಟೇಲ್ ಅಂದರೆ ಕೆಟ್ಟಿದೆ ಅಂತಲ್ಲ. ಹೊತ್ತು ಮೀರಿದೆ, ಕೇಳದೆ ಬಡಿಸಬೇಡ ಅಂತ. ಅದು ತಂಗಳು. ರಾತ್ರಿಯ ಅನ್ನ ಬೆಳಿಗ್ಗೆಗೆ ತಂಗಳು, ಹಳಸಿಲ್ಲ, ಒಗ್ಗರಣೆ ಹಾಕಿದರೆ ನಾನಂತೂ ಎರಡು ತಟ್ಟೆ ತಿನ್ನುತ್ತೇನೆ.

ಹೋಲಿಕೆ ಮುಂದಕ್ಕೂ ಹೋಗುತ್ತೆ ನೋಡಿ. ಪ್ರತಿ ತಂಗಳಾದಾಗ ಸ್ಕ್ವಿಡ್ ಮೂಲ ಸರ್ವರನ್ನು, ಅಂದರೆ ಆ ಫೈಲು ಕೊಡುವ ಹೊರಗಿನ ಕಂಪ್ಯೂಟರನ್ನು, ಕೇಳುತ್ತದೆ: ನನ್ನ ಹತ್ತಿರ ಇರೋದು ಇಂಥದ್ದು, ಬದಲಾಗಿದೆಯಾ? ಇಲ್ಲ ಅಂತಾದರೆ 304 ಅನ್ನುವ ಚಿಕ್ಕ ಉತ್ತರ ಬರುತ್ತೆ, ಫೈಲು ಮತ್ತೆ ಬರಲ್ಲ. ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿದ ಹಾಗೆ. ಸರ್ವರ್ ಸಿಗದೇ ಹೋದರೆ ಕೆಲವು ಸಲ ತಂಗಳನ್ನೇ ಬಡಿಸಬಹುದು ಅಂತಲೂ ನಿಯಮದಲ್ಲಿದೆ, ಬೇಡವೇ ಬೇಡ ಅಂತ ಕಟ್ಟಪ್ಪಣೆ ಇಲ್ಲದಿದ್ದರೆ.

ಹಳಸಿದ್ದನ್ನೂ ಬಡಿಸಿದ್ದೇನೆ. ಎಲ್ಲವನ್ನೂ ವಾರಗಟ್ಟಲೆ ತಾಜಾ ಅಂತಲೇ ತಿಳಿ ಅಂತ ಸ್ಕ್ವಿಡ್‌ಗೆ ಒಂದು ಅತಿಬುದ್ಧಿವಂತಿಕೆಯ ನಿಯಮ ಬರೆದುಕೊಟ್ಟಿದ್ದೆ. ಅದು ಉಬುಂಟುವಿನ ಪ್ಯಾಕೇಜ್ ಪಟ್ಟಿಗಳಲ್ಲಿ (ಯಾವ ತಂತ್ರಾಂಶದ ಯಾವ ಆವೃತ್ತಿ ಸಿಗುತ್ತೆ ಅನ್ನೋ ಪಟ್ಟಿ) ಒಂದು ಹೊಸದು, ಒಂದು ಹಳೇದು ಹೀಗೆ ಬೆರೆಸಿ ಕೊಟ್ಟಿತು. ಲೆಕ್ಕ ತಾಳೆಯಾಗದೆ ಮೂರೂ ಕಂಪ್ಯೂಟರ್ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಅಂತ ವಾಂತಿ ಮಾಡಿಕೊಂಡವು. ಅವತ್ತು ಆ ಪದ ಸರಿಯಿತ್ತು: ಹಳಸಿತ್ತು.

ಸ್ಕ್ವಿಡ್ ತನ್ನ ಕೆಲಸದ ದಾಖಲೆ ಬರೆದಿಡುವ ಲಾಗ್‌ನಲ್ಲಿ ಬರುವ ಹಿಟ್, ಮಿಸ್‌ಗೆ ನಾನು 'ಇತ್ತು', 'ಇರಲಿಲ್ಲ' ಅಂತಲೇ ಬರೆಯುತ್ತೇನೆ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ಪ್ರಾಕ್ಸಿ ಅನ್ನೋದನ್ನು ಹಾಗೇ ಬಿಡೋಣ ಅನ್ನೋದು ನನ್ನ ವಾದ. ದೊಡ್ಡಪ್ಪ "ಹಂಗಾದ್ರೆ ಇದು ದಲ್ಲಾಳಿ" ಅಂದರು. ಮಂಡಿಪೇಟೆ ಕಂಡವರಿಗೆ ಚಿತ್ರ ಸರಿಯಾಗೇ ಬರುತ್ತೆ, ಕೊಳ್ಳುವವನಿಗೂ ಮಾರುವವನಿಗೂ ನಡುವೆ ಒಬ್ಬ. ಆದರೆ ದಲ್ಲಾಳಿ ಕಮಿಷನ್ ಹಿಡಿಯುತ್ತಾನೆ. 'ಬದಲಿ' ಚೆನ್ನಾಗಿದೆ, ಆದರೆ ಬದಲಿ ಮೇಷ್ಟ್ರು ಬಂದರೆ ಹಳೇ ಮೇಷ್ಟ್ರು ರಜಾ ಅಂತ ಅರ್ಥ, ಇಲ್ಲಿ ಯಾರೂ ರಜಾ ಹಾಕಿಲ್ಲ. ಪ್ರಾಕ್ಸಿ ಅಂದರೆ ಏನು ಅನ್ನೋದು ನಮ್ಮೂರಿನ ಕಾಲೇಜು ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಬ್ಬನ ಪರವಾಗಿ ಹಾಜರಿ ಕೂಗೋದೇ ಪ್ರಾಕ್ಸಿ ಹೊಡೆಯೋದು. ನಮ್ಮ ಪೆಟ್ಟಿಗೆಯೂ ಮನೆಯವರೆಲ್ಲರ ಪರವಾಗಿ ಹೊರಗೆ "ಎಸ್ ಸಾರ್" ಅನ್ನುತ್ತೆ ಅಷ್ಟೇ.

'ಟ್ರಾನ್ಸ್‌ಪರೆಂಟ್ ಪ್ರಾಕ್ಸಿ'ಯನ್ನು 'ಪಾರದರ್ಶಕ ಪ್ರಾಕ್ಸಿ' ಅನ್ನೋದು ಮಾತ್ರ ದಯವಿಟ್ಟು ಬೇಡ. ನಮ್ಮಲ್ಲಿ ಪಾರದರ್ಶಕ ಆಡಳಿತ ಅಂದರೆ ಮುಚ್ಚುಮರೆ ಇಲ್ಲದ್ದು. ಇಲ್ಲಿ ಉಲ್ಟಾ, ನಡುವೆ ಒಂದು ಪ್ರಾಕ್ಸಿ ಕೂತಿದೆ ಅನ್ನೋದೇ ಬಳಸುವವರಿಗೆ ಗೊತ್ತಾಗಲ್ಲ. 'ಕಾಣದ ಪ್ರಾಕ್ಸಿ' ಸಾಕಲ್ವಾ?

ಇಷ್ಟೆಲ್ಲ ಮಾಡಿ ಉಪಯೋಗ ಎಷ್ಟು ಅಂತ ಕೇಳಿದರೆ, ಸ್ವಲ್ಪವೇ. ಈಗ ಬಹುಪಾಲು ವೆಬ್ ಎಚ್‌ಟಿಟಿಪಿಎಸ್, ಅಂದರೆ ಅಂಟಿಸಿದ ಲಕೋಟೆ. ವಿಳಾಸ ಕಾಣುತ್ತೆ, ಒಳಗೇನಿದೆ ಕಾಣಲ್ಲ, ಹಾಗಾಗಿ ಪ್ರತಿ ಇಟ್ಟುಕೊಳ್ಳೋಕಾಗಲ್ಲ. ಉಬುಂಟು ಅಪ್‌ಡೇಟು ಸಾದಾ ಎಚ್‌ಟಿಟಿಪಿಯಲ್ಲಿ, ಅಂದರೆ ಅಂಟಿಸದ ಲಕೋಟೆಯಲ್ಲಿ, ಬರುವುದರಿಂದ ನನ್ನ ಕೆಲಸ ನಡೆದಿದೆ.

ಸದ್ಯಕ್ಕೆ ಚೀಟಿ ಬದಲಿಸಿದ್ದೇನೆ: "ಗೂಡು ಖಾಲಿ ಮಾಡಬೇಡಿ." ನಿಮ್ಮ ಕಡೆ ಗೋಡೆಯ ಗೂಡಿಗೆ ಬೇರೆ ಹೆಸರಿದ್ದರೆ ತಿಳಿಸಿ. ಇನ್ನೊಂದು ಕೇಳಲೇಬೇಕು. ಮೂಸಿ ನೋಡಿ, ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಆ ಅನ್ನ ಇನ್ನೂ ತಂಗಳೇನಾ? ಸ್ಕ್ವಿಡ್ ಲೆಕ್ಕದಲ್ಲಿ 304 ಬಂದ ಕೂಡಲೇ ಅದು ಮತ್ತೆ ತಾಜಾ. ಅಡುಗೆಮನೆಯಲ್ಲಿ ಅದಕ್ಕೊಂದು ಪದ ಇದ್ದೇ ಇರಬೇಕು. ಅಮ್ಮನನ್ನು ಕೇಳಿದರೆ "ತಿಂದ್ಬಿಡು" ಅಂತಾರೆ.