ಮಗ ಕೊಡಿಸಿದ ಮೆದುಳಿನ ಆಟದ ಆಪ್‌ಗೆ ಮತ್ತೆ ದುಡ್ಡು ಕಟ್ಟಬೇಕಾ?

ಗಣಿತದ ಮೇಷ್ಟ್ರು, ಕುವೆಂಪುನಗರ

ನನಗೆ 68. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಬಿಪಿ ಮಾತ್ರೆ ಒಂದು ಬಿಟ್ಟರೆ ಗಟ್ಟಿಯಾಗಿದ್ದೇನೆ. ಕಳೆದ ದಸರೆಗೆ ಬಂದ ಮಗ ನನ್ನ ಟ್ಯಾಬಿಗೆ ಮೆದುಳಿನ ತರಬೇತಿಯ ಆಪ್ ಒಂದನ್ನು ಹಾಕಿ, ವರ್ಷದ ಚಂದಾ ಕಟ್ಟಿ, "ದಿನಾ ಅರ್ಧ ಗಂಟೆ ಆಡಿ ಅಪ್ಪ" ಅಂತ ಹೇಳಿ ಹೋದ. ಬರೋ ತಿಂಗಳು ಚಂದಾ ಮುಗಿಯುತ್ತೆ.

ಒಂದು ಆಟವಂತೂ ಬಹಳ ಹಿಡಿಸಿದೆ. ಪರದೆಯ ನಡುವೆ ಒಂದು ವಾಹನ ಮಿಂಚಿ ಮಾಯವಾಗುತ್ತೆ. ಕಾರೋ ಲಾರಿಯೋ ಹೇಳಬೇಕು. ಅದೇ ಗಳಿಗೆಯಲ್ಲಿ ಅಂಚಿನಲ್ಲೆಲ್ಲೋ ಇನ್ನೊಂದು ಚಿತ್ರ ಮಿಂಚಿರುತ್ತೆ, ಅದು ಯಾವ ದಿಕ್ಕು ಅಂತ ಬೆರಳಿಟ್ಟು ತೋರಿಸಬೇಕು. ಸರಿ ಹೇಳಿದಷ್ಟೂ ಮಿಂಚು ಚುಟುಕಾಗುತ್ತಾ ಹೋಗುತ್ತೆ. ಮೊದಲ ವಾರ ಬರೀ ಊಹೆ. ಈಗ ಹತ್ತಕ್ಕೆ ಎಂಟು ಸರಿ.

ಹೀಗಿರುವಾಗ ಹೋದ ಶುಕ್ರವಾರ ದೇವರಾಜ ಮಾರ್ಕೆಟ್ಟಿಗೆ ಸ್ಕೂಟರಿನಲ್ಲಿ ಹೋದವನು, ವೀಳ್ಯದೆಲೆ ಬಾಳೆಹಣ್ಣು ಹಿಡಿದುಕೊಂಡು ಸಿಟಿ ಬಸ್ಸಿನಲ್ಲಿ ಮನೆಗೆ ಬಂದೆ! ಗೇಟಿನ ಹತ್ತಿರ ಜೇಬಿಗೆ ಕೈ ಹಾಕಿದಾಗ ಸ್ಕೂಟರ್ ಕೀ ಸಿಕ್ಕಿತು. ಮನೆಯವಳು ನಕ್ಕಳು, ಆಮೇಲೆ ಸುಮ್ಮನಾದಳು. ಅವಳ ದೂರು ಹಳೆಯದು: "ಹೇಳಿದ್ದು ಒಂದೂ ನಿಮ್ಮ ತಲೇಲಿ ನಿಲ್ಲಲ್ಲ." ಮೊನ್ನೆ ಅಡುಗೆಮನೆಯಿಂದ ಸಬ್ಬಸಿಗೆ ತನ್ನಿ ಅಂದಳಂತೆ, ನಾನು ಸಬ್ಬಕ್ಕಿ ತಂದೆ. ಆಟದಲ್ಲಿ ರ‍್ಯಾಂಕು, ಮನೆಯಲ್ಲಿ ಫೇಲು. ಇದರಿಂದ ನಿಜವಾಗಿ ಉಪಯೋಗ ಇದೆಯಾ? ತಿಳಿದವರು ಹೇಳಿ.

ಬೆಲ್ಲದೂರಿನವ, ಮಂಡ್ಯ

ದಂಡ ಬುಡಿ ಮೇಷ್ಟ್ರೇ. ಆ ದುಡ್ಡಲ್ಲಿ ಎರಡು ತಿಂಗಳು ಹಾಲು ಬತ್ತದೆ. ನಮ್ಮಜ್ಜಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರ್ದು ಚೌಕಾಬಾರ ಆಡ್ಕಂಡು 90 ದಾಟುದ್ಲು. ಕವಡೆಗೆ ಚಂದಾ ಇಲ್ಲ.

ಪಾಠದ ಅಮ್ಮ, ಸರಸ್ವತಿಪುರಂ

ಮನಶ್ಶಾಸ್ತ್ರ ಪಾಠ ಮಾಡುವವಳು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಮೇಷ್ಟ್ರೇ, ನಿಮ್ಮ ಕಾರು-ಲಾರಿ ಆಟಕ್ಕೆ ಚರಿತ್ರೆಯೇ ಇದೆ. ಅಮೆರಿಕದಲ್ಲಿ ಆಕ್ಟಿವ್ ಅಂತ ಒಂದು ಪ್ರಯೋಗ ನಡೆಯಿತು. 65 ದಾಟಿದ 2,802 ಜನರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ನೆನಪಿನ ತರಬೇತಿ, ಒಂದಕ್ಕೆ ತರ್ಕ, ಒಂದಕ್ಕೆ ನಿಮ್ಮ ಥರದ ವೇಗದ ಆಟ, ನಾಲ್ಕನೆಯದಕ್ಕೆ ಏನೂ ಇಲ್ಲ. ಐದಾರು ವಾರಗಳಲ್ಲಿ ಬರೀ ಹತ್ತು ತರಗತಿ. 2002ರಲ್ಲಿ ಫಲಿತಾಂಶ ಬಂತು: ಯಾವ ಗುಂಪು ಏನು ಕಲಿಯಿತೋ ಅದರಲ್ಲಿ ಮಾತ್ರ ಮುಂದೆ. ಭಾಗಾಕಾರ ತಿದ್ದಿದ ಹುಡುಗನಿಗೆ ಪ್ರಬಂಧ ಬರಲ್ಲವಲ್ಲ, ಹಾಗೆ. ನಿಮ್ಮ ಸ್ಕೂಟರ್ ಮಾರ್ಕೆಟ್ಟಲ್ಲೇ ಉಳಿದದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಆದರೆ ಹತ್ತು ವರ್ಷ ಬಿಟ್ಟು ಅದೇ ಜನರ ಲೆಕ್ಕ ನೋಡಿ 2017ರಲ್ಲಿ ಬರೆದರು: ವೇಗದ ಗುಂಪಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಅಪಾಯ ಶೇ 29 ಕಡಿಮೆ. ಉಳಿದ ಎರಡು ಗುಂಪುಗಳಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಇರಲಿಲ್ಲ. ಪರೀಕ್ಷೆಯ ಅಂಕ, ಸಂದರ್ಶನ ನೋಡಿ ಡಿಮೆನ್ಷಿಯಾ ಅಂತ ಗುರುತಿಸಿದ್ದು, ಡಾಕ್ಟರು ಕೂರಿಸಿ ತಪಾಸಣೆ ಮಾಡಿದ್ದಲ್ಲ. ಹಾಗಾಗಿ ಆ 29ನ್ನು ಗೋಡೆಗೆ ಬರೆದು ಹಾಕಬೇಡಿ, ತಳ್ಳಿಯೂ ಹಾಕಬೇಡಿ.

ಮನೆಯಲ್ಲೇ ಆನ್‌ಲೈನ್ ಆಡಿದವರದ್ದು ಬೇರೆ. 2015ರಲ್ಲಿ ಲಂಡನ್ನಿನವರು 50 ದಾಟಿದ 6,742 ಜನರ ಮೇಲೆ ಆರು ತಿಂಗಳ ಪ್ರಯೋಗದ ವರದಿ ಕೊಟ್ಟರು. 60 ದಾಟಿದವರಿಗೆ ಸಾಮಾನು ತರೋದು, ದುಡ್ಡಿನ ಲೆಕ್ಕ ಇಂಥ ದಿನನಿತ್ಯದ ಕೆಲಸಗಳಲ್ಲೂ ಕೊಂಚ ಅನುಕೂಲ ಕಂಡಿತು. ಅದು ಅವರವರೇ ಹೇಳಿಕೊಂಡದ್ದು, ನಡುವೆ ಬಿಟ್ಟು ಹೋದವರೂ ಬಹಳ.

ಜಾಹೀರಾತು ನಂಬಿ ಕಟ್ಟಬೇಡಿ, ಅಷ್ಟೆ. 2016ರಲ್ಲಿ ಇಂಥದೇ ಮೆದುಳಿನ ಆಟ ಮಾರುವ ಲುಮೋಸಿಟಿ ಕಂಪನಿ, ಮರೆವು ತಡೆಯುತ್ತೆ ಅಂತ ಆಧಾರವಿಲ್ಲದೆ ಪ್ರಚಾರ ಮಾಡಿದ ಆರೋಪ ಮುಗಿಸಿಕೊಳ್ಳಲು ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿತು.

ಬೋಗಾದಿ ರಸ್ತೆ

ಸಬ್ಬಸಿಗೆ-ಸಬ್ಬಕ್ಕಿ ಓದಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮೇಷ್ಟ್ರೇ, ಮರೆತವನು ಬರಿಗೈಲಿ ಬರುತ್ತಾನೆ. ನೀವು ತಂದಿದ್ದೀರಿ, ಅದೂ ಅರ್ಧ ಸರಿಯಾದದ್ದನ್ನ! ನಮ್ಮಪ್ಪಂದೂ ಇದೇ ಕಥೆ. ವಯಸ್ಸಾದಾಗ ಕಿವಿಗೆ ಮೊದಲು ಕೇಳಿಸದೆ ಹೋಗೋದು ಕೀಚಲು ಸದ್ದು. ಸ, ಕ, ತ ಥರದ ವ್ಯಂಜನಗಳ ಸದ್ದು ಸಣ್ಣದು, ಮಿಕ್ಸಿ ತಿರುಗುತ್ತಿದ್ದರೆ ಅವು ಮುಳುಗಿಯೇ ಹೋಗುತ್ತವೆ. ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಟಿವಿ ಸೌಂಡ್ ಎಷ್ಟಿಡ್ತೀರಿ, ಮನೆಯವರನ್ನ ಕೇಳಿ.

2023ರಲ್ಲಿ ಇದರ ಮೇಲೂ ಪ್ರಯೋಗ ಬಂದಿದೆ: 70ರಿಂದ 84 ವಯಸ್ಸಿನ 977 ಜನ, ಮೂರು ವರ್ಷ. ಒಟ್ಟು ಲೆಕ್ಕದಲ್ಲಿ ಶ್ರವಣಯಂತ್ರದಿಂದ ಬುದ್ಧಿಗೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿ ಮಂಕಾಗುವ ವೇಗ ಶೇ 48 ತಗ್ಗಿತ್ತು. ನಿಮಗೆ ದೂರವೇನಿಲ್ಲ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಬೆಳಿಗ್ಗೆಯೇ ಹೋಗಿ.

ಗಣಿತದ ಮೇಷ್ಟ್ರು, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಇವತ್ತು ಹೋಗಿಬಂದೆ. ಸದ್ದೇ ಇಲ್ಲದ ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. "ಕುಂಯ್" ಅಂದಾಗಲೆಲ್ಲ ಒತ್ತಬೇಕು. ಒಂದು ಹಂತದಲ್ಲಿ ಯಂತ್ರ ಕೆಟ್ಟಿದೆ ಅಂದುಕೊಂಡು ಸುಮ್ಮನೆ ಕೂತಿದ್ದೆ. ಯಂತ್ರ ಸರಿಯಾಗಿಯೇ ಇತ್ತು. ಕಾಗದದ ಮೇಲೆ ಗೆರೆ ಬಲಗಡೆಗೆ, ಅಂದರೆ ಕೀಚಲು ಸದ್ದಿನ ಕಡೆಗೆ ಹೋಗ್ತಾ ಚಾಮುಂಡಿಬೆಟ್ಟದ ಮೆಟ್ಟಿಲಿನ ಹಾಗೆ ಇಳಿದಿದೆ, ಎರಡೂ ಕಿವಿಯದ್ದು. ಶ್ರವಣಯಂತ್ರ ಹಾಕಿಸಿಕೊಳ್ಳೋಕೆ ಮುಂದಿನ ವಾರ ಬಾ ಅಂದಿದ್ದಾರೆ. ಮನೆಯವಳು ಆ ಕಾಗದವನ್ನು ಎರಡು ಸಲ ನೋಡಿ, ಬಸ್ಸಿನಲ್ಲಿ ನನ್ನ ಎಡಗಡೆಯಿಂದ ಬಲಗಡೆಗೆ ಬಂದು ಕೂತಳು. ಬಲಗಿವಿ ತುಸು ವಾಸಿಯಂತೆ.

ಚಂದಾ ಕಟ್ಟೋಣ ಅಂತಲೇ ಇದ್ದೇನೆ, ಕಾರು-ಲಾರಿಗೋಸ್ಕರ. ಮಂಡ್ಯದವರು ಬೈಬೇಡಿ, ಸಂಜೆ ಚೌಕಾಬಾರವೂ ಶುರುವಾಗಿದೆ, ಮೊದಲ ದಿನವೇ ಸೋತೆ. ಸ್ಕೂಟರ್ ವಿಷಯವನ್ನು ಮಾತ್ರ ಕಿವಿ ಮೇಲೆ ಹೊರಿಸೋಕಾಗಲ್ಲ. ಬಿಪಿಗೆ ಅಂತ ಹೇಗೂ ಡಾಕ್ಟರ ಹತ್ತಿರ ಹೋಗಬೇಕು, ಆಗ ಅದನ್ನೂ ಹೇಳ್ತೀನಿ.